ಗುಳಿಗೆ ಪುಕ್ಕಟೆ ಸಿಕ್ಕರೂ ನಮ್ಮ ಕಡೆ ಎಚ್‌ಐವಿಯಿಂದ ಜನ ಯಾಕೆ ಸಾಯುತ್ತಾರೆ?

ಜಮಖಂಡಿ ಹುಡುಗ:
ನಮಸ್ಕಾರ ರೀ. ಈಚೆಗೆ ನಮ್ಮ ಸೋದರಮಾವ ತೀರಿಕೊಂಡರು. ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದರು. ತಲೆನೋವು, ವಾಂತಿ ಅಂತ ಆಸ್ಪತ್ರೆಗೆ ಸೇರಿಸಿದರೆ, ಟಿಬಿ ಮೆದುಳಿಗೆ ಏರಿದೆ ಎಂದರು. ಎಚ್‌ಐವಿ ಇದ್ದದ್ದು ನಮಗೆ ಗೊತ್ತಾಗಿದ್ದೇ ಆಗ. ಗುಳಿಗೆ ನಡುವೆ ಬಿಟ್ಟಿದ್ದರಂತೆ. ಅಮೆರಿಕದಲ್ಲಿ ಇದೇ ಸೋಂಕು ಇದ್ದವರು ಮುಪ್ಪಿನ ತನಕ ಬದುಕುತ್ತಾರೆ. ಇಲ್ಲಿ ಯಾಕೆ ಹೀಗೆ?

ನಿವೃತ್ತ ಆಪ್ತಸಮಾಲೋಚಕಿ, ಬೆಳಗಾವಿ:
ತಮ್ಮಾ, ಓದಿ ಸಂಕಟವಾಯಿತು. ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೆಲಸ ಮಾಡಿದವಳು ನಾನು, ಹೇಳುತ್ತೇನೆ.

ಗುಳಿಗೆ ಬಿಡದೆ ನುಂಗುವವರು ಜಾಸ್ತಿ ಇರುವ ಶ್ರೀಮಂತ ದೇಶಗಳಲ್ಲಿ ಈಗ ಹೃದಯ, ಲಿವರ್, ಕ್ಯಾನ್ಸರ್‌ನಿಂದಾಗುವ ಸಾವಿನ ಪಾಲು ಹೆಚ್ಚಿದೆ. ನಮ್ಮಲ್ಲಿ, ಆಫ್ರಿಕಾದಲ್ಲಿ ಟಿಬಿಯೇ ದೊಡ್ಡ ಶತ್ರು. ಟಿಬಿ ಕ್ರಿಮಿ ನಮ್ಮ ಎಷ್ಟೋ ಜನರ ಮೈಯಲ್ಲಿ ಸುಮ್ನೆ ಮಲಗಿರುತ್ತದೆ. ಸಿಡಿ4 ಅಂದರೆ ರೋಗ ತಡೆಯುವ ರಕ್ತಕಣ; ಅದರ ಎಣಿಕೆ ಕುಸಿದಾಗ ಆ ಕ್ರಿಮಿ ಏಳುತ್ತದೆ. ಎಣಿಕೆ 200ಕ್ಕಿಂತ ಕೆಳಗಿಳಿದರೆ ಮೆದುಳಿನ ಸೋಂಕಿನ ಅಪಾಯವೂ ಹೆಚ್ಚು.

ಸರ್ಕಾರ 2004ರ ಏಪ್ರಿಲ್‌ನಿಂದಲೇ ಗುಳಿಗೆ ಉಚಿತ ಕೊಡುತ್ತಿದೆ. ಮೊದಲು ಸಿಡಿ4 ಇಳಿಯುವ ತನಕ ಕಾಯಿಸುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಕೂಡಲೇ ಶುರು. ಹಾಗಿದ್ದರೂ ಜನ ತಪ್ಪಿಹೋಗುವುದು ನಾಚಿಕೆಯಿಂದ, ದೂರದಿಂದ. ಗುರುತಿನವರು ನೋಡಿಬಿಡುತ್ತಾರೆ ಅಂತ ಗೋಕಾಕದವರು ಹುಬ್ಬಳ್ಳಿಗೆ ಹೋಗುತ್ತಾರೆ. ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ. ಎಷ್ಟು ತಿಂಗಳು ನಡೆದೀತು? ಕಬ್ಬು ಕಡಿಯಲು ಗ್ಯಾಂಗ್ ಹೊರಟಾಗಲೂ ಇದೇ ಪಾಡು. ಕೆಲಸ ಮಾಡುವ ಊರಿನ ಕೇಂದ್ರಕ್ಕೇ ಹೆಸರು ವರ್ಗ ಮಾಡಿಸಬಹುದು. ಗೋವಾದಲ್ಲೂ ಆಗುತ್ತದೆ. ಇದನ್ನು ಯಾರಾದರೂ ಮಾವನಿಗೆ ಸಮಾಧಾನದಿಂದ ಹೇಳಬೇಕಿತ್ತು.

ಇಂಡಿ ಕಡೆಯ ಹೆಣ್ಣುಮಗಳು:
ಅಕ್ಕನ ಮಾತು ನಿಜ. ನಾನೂ ಸೋಂಕಿನ ಜೊತೆ ಬದುಕುತ್ತಿದ್ದೇನೆ. ಒಮ್ಮೆ ಗುಳಿಗೆ ತಪ್ಪಿಸಿ ಹೋದಾಗ ಕೇಂದ್ರದವರು ಎಲ್ಲರ ಎದುರಿಗೇ ಬೈದರು. ಆಮೇಲೆ ಆ ಕಡೆ ಕಾಲಿಡಲು ಮನಸ್ಸೇ ಬರಲಿಲ್ಲ. ತೂಕ ಇಳಿಯಿತು, ರಾತ್ರಿ ಬೆವರು, ಕೆಮ್ಮು. ಪರೀಕ್ಷೆಯಲ್ಲಿ ಟಿಬಿ. ಬೇರೆ ಕೇಂದ್ರದ ಸಿಸ್ಟರ್ ಒಬ್ಬರು ಬೈಯದೆ ಕೂರಿಸಿ ಮಾತಾಡಿದರು. ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರದ ಶಾಖೆಯಂತಿರುವ ಲಿಂಕ್ ಕೇಂದ್ರದಲ್ಲೇ ಗುಳಿಗೆ ತರುತ್ತೇನೆ, ಹೊಲದ ಕೆಲಸ ಮಾಡುತ್ತೇನೆ. ಬಿಟ್ಟವರು ವಾಪಸ್ ಬಂದರೆ ದಯವಿಟ್ಟು ಬೈಯಬೇಡಿ.

ಜಮಖಂಡಿ ಹುಡುಗ:
ಅತ್ತೆ ಇನ್ನೂ ಪರೀಕ್ಷೆ ಮಾಡಿಸಿಲ್ಲ. ಊರಿಗೆ ಗೊತ್ತಾಗುತ್ತದೆ ಎಂದು ಅಳುತ್ತಾರೆ.

ನಿವೃತ್ತ ಆಪ್ತಸಮಾಲೋಚಕಿ, ಬೆಳಗಾವಿ:
ತಡ ಮಾಡಬೇಡ. ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ. ಅವರ ಒಪ್ಪಿಗೆ ಇಲ್ಲದೆ ಫಲಿತಾಂಶ ಬಯಲು ಮಾಡುವಂತಿಲ್ಲ. 2018ರಿಂದ ಅದಕ್ಕೆ ಕಾನೂನೇ ಇದೆ, ಅಲ್ವಾ. ಮನೆಯಲ್ಲಿ ಟಿಬಿ ಇತ್ತಲ್ಲ, ಅದನ್ನೂ ಹೇಳಿ. ಕಫ ಪರೀಕ್ಷೆ ಬೇಕಾ ಅಂತ ನೋಡುತ್ತಾರೆ. ಮೊದಲು ಫೋನಿನಲ್ಲಿ ಕೇಳಬೇಕು ಎಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಮಾಡಲಿ, ದುಡ್ಡು ಬೀಳುವುದಿಲ್ಲ. ನೀನು ಅವರ ಜೊತೆಗೇ ಹೋಗು.