ಬೆಂಡು ಕುಣಿಯುತ್ತದೆ, ಹುಳು ಮಾಯ, ಮೀನು ಮಾತ್ರ ಸಿಗಲ್ಲ

ಪ್ರಶ್ನೆ:
ಮದ್ದೂರಿನ ಹತ್ತಿರ ನಮ್ಮೂರ ಕೆರೆಯಲ್ಲಿ ಜಿಲೇಬಿ ಮೀನಿಗೆ 3 ಭಾನುವಾರದಿಂದ ಗಾಳ ಹಾಕುತ್ತಿದ್ದೇನೆ. ಬಿದಿರು ಕೋಲು, ತಂಗೂಸಿ (ನೈಲಾನ್ ದಾರ), ನೀರ ಮೇಲೆ ತೇಲುವ ಥರ್ಮಾಕೋಲ್ ಬೆಂಡು, 6ನೇ ನಂಬರ್ ಗಾಳ, ಎರೆಹುಳು. ಹಾಕಿದ ಎರಡೇ ನಿಮಿಷಕ್ಕೆ ಬೆಂಡು ಕುಣಿಯುತ್ತದೆ. ಎಳೆದರೆ ಬರೀ ಗಾಳ. ಮಗಳೂ ಜೊತೆಗೆ ಬರುತ್ತಾಳೆ, ಒಂದಾದರೂ ಮೀನು ಅವಳಿಗೆ ತೋರಿಸಬೇಕು ಅಂತ ಆಸೆ.

ಉತ್ತರ:
ಮೀನು ಅಲ್ಲೇ ಇವೆ, ಜಾಗ ಬದಲಿಸಬೇಡಿ. ಗಾಳ ದೊಡ್ಡದಾಯಿತು. ಅಂಗೈಯಗಲದ ಜಿಲೇಬಿಯ ಬಾಯಿ ಚಿಕ್ಕದು. ಹುಳುವಿನ ಬಾಲ ಹಿಡಿದು ಜಗ್ಗಿ ಕಿತ್ತುಕೊಂಡು ಹೋಗುತ್ತದೆ. 12 ಅಥವಾ 14ನೇ ನಂಬರ್ ತನ್ನಿ. ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು, ನೆನಪಿರಲಿ. ಇಡೀ ಹುಳು ಪೋಣಿಸಬೇಡಿ. ಉಗುರಿನಷ್ಟು ತುಂಡು ಸಾಕು.
ಬೆಂಡು ಎಷ್ಟು ದಪ್ಪ ಇದೆ? ತಂಗೂಸಿಗೆ ಭಾರಕ್ಕೆ ಸೀಸದ ಗುಂಡು ಎಷ್ಟು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
ನಿಂಬೆಹಣ್ಣಿನಷ್ಟು ದಪ್ಪ. ಸೀಸ ಹಾಕಿಲ್ಲ.

ಉತ್ತರ:
ಹಾಗಾದರೆ ಬೆಂಡಿನದೂ ತಪ್ಪಿದೆ. ಅಷ್ಟು ದಪ್ಪದ್ದನ್ನು ಸಣ್ಣ ಮೀನು ಎಳೆಯಲಾರದು. ಭಾರ ಗೊತ್ತಾದ ಕೂಡಲೇ ಹುಳು ಉಗಿದುಬಿಡುತ್ತದೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಪೆನ್ಸಿಲ್ ದಪ್ಪಕ್ಕೆ, ಬೆರಳುದ್ದಕ್ಕೆ ಕತ್ತರಿಸಿ. ನೀರು ಹೀರದಂತೆ ಮೇಣ ಸವರಿ. ಆಮೇಲೆ ಮೆಣಸಿನಕಾಳಿನಷ್ಟು ಸೀಸ ಒಂದೊಂದೇ ಸೇರಿಸುತ್ತಾ ಬನ್ನಿ, ಬೆಂಡಿನ ತುದಿ ಅರ್ಧ ಇಂಚು ಮಾತ್ರ ಕಾಣುವ ತನಕ. ಕೊನೆಯ ಸೀಸ ಗಾಳದಿಂದ ನಾಲ್ಕು ಬೆರಳು ಮೇಲಿರಲಿ. ತಂಗೂಸಿ ಕೂರಿಸಿದ ಸೀಸದ ಸೀಳನ್ನು ಹಲ್ಲಿನಿಂದ ಕಚ್ಚಿ ಮುಚ್ಚಬೇಡಿ, ಸೀಸ ವಿಷ. ಇಕ್ಕಳ ಬಳಸಿ.
ಇನ್ನೊಂದು ವಿಷಯ. ಬೆಂಡು ಮುಳುಗುವುದನ್ನೇ ಕಾಯಬೇಡಿ. ಸೀಸ ತಳ ಮುಟ್ಟುವಷ್ಟು ಆಳಕ್ಕೆ ಬಿಟ್ಟರೆ ಕೆಲವು ಸಲ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ. ಮೀನು ಹುಳುವಿನ ಜೊತೆ ಸೀಸವನ್ನೂ ಎತ್ತಿದೆ ಅಂತ ಅರ್ಥ. ಆಗಲೂ ಎಳೆಯಿರಿ. ಜೋರಾಗಿ ಬೇಡ, ಮಣಿಕಟ್ಟು ಆಡಿಸಿದರೆ ಸಾಕು.

ಪ್ರಶ್ನೆ ಕೇಳಿದವರು:
ಈ ಭಾನುವಾರ 7 ಜಿಲೇಬಿ ಸಿಕ್ಕವು! ನಾಲ್ಕು ಬಂದಿದ್ದು ಬೆಂಡು ಅಡ್ಡ ಮಲಗಿದಾಗಲೇ. ಮಗಳ ಕೈಗೆ ಬೆನ್ನಿನ ಮುಳ್ಳು ಚುಚ್ಚಿತು, ಅದೊಂದು ಬೇಜಾರು.

ಉತ್ತರ:
ಬಹಳ ಸಂತೋಷ. ಕೈ ಒದ್ದೆ ಮಾಡಿಕೊಂಡು, ತಲೆಯಿಂದ ಬಾಲದ ಕಡೆಗೆ ಅಂಗೈ ಸವರುತ್ತಾ ಹಿಡಿಯಲು ಹೇಳಿ. ಮುಳ್ಳು ತಾನಾಗಿ ಮಲಗುತ್ತದೆ.