ಸಹಕಾರ ಸಂಘದ ವೆಬ್ ಅಪ್ಲಿಕೇಶನ್ ಅನ್ನು ಕಚೇರಿಯ ಕಂಪ್ಯೂಟರ್‌ನಿಂದ ಬಾಡಿಗೆ ಸರ್ವರ್‌ಗೆ ಸಾಗಿಸುವ ಬಗ್ಗೆ

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಸಣ್ಣ ಅಡಿಕೆ ಸಹಕಾರ ಸಂಘಕ್ಕಾಗಿ ನಾನು ವೆಬ್ ಅಪ್ಲಿಕೇಶನ್ ಒಂದನ್ನು ಸಿದ್ಧಪಡಿಸಿದ್ದೇನೆ. ಸದಸ್ಯರು ತಾವು ತಂದು ಹಾಕಿದ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ವಿಧಗಳ ತೂಕವನ್ನೂ ಮಾರಾಟವಾದ ದರವನ್ನೂ ತಮ್ಮ ಖಾತೆಯ ಬಾಕಿಯನ್ನೂ ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಜಾಂಗೊ (ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಳಸಿರುವ ಈ ವ್ಯವಸ್ಥೆ ಸದ್ಯ ಸಂಘದ ಕಚೇರಿಯ ಕಂಪ್ಯೂಟರ್‌ನಲ್ಲಿಯೇ ನಡೆಯುತ್ತಿದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ, ಯುಪಿಎಸ್ ಖಾಲಿಯಾದ ಕೂಡಲೇ ಎಲ್ಲ ಸದಸ್ಯರಿಗೂ ಸೇವೆ ನಿಂತುಹೋಗುತ್ತದೆ. ಆದ್ದರಿಂದ ಕ್ಲೌಡ್‌ನಲ್ಲಿ ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆಯಬೇಕೆಂದಿದ್ದೇನೆ. ಎಷ್ಟು ಸಾಮರ್ಥ್ಯದ್ದು ಬೇಕು, ಅದು ಯಾವ ಊರಿನಲ್ಲಿದ್ದರೆ ಒಳ್ಳೆಯದು? "ಲೆಕ್ಕಪತ್ರ ನಮ್ಮ ಕೈಯಲ್ಲೇ ಇರುತ್ತದೆಯೇ?" ಎಂದು ಆಡಳಿತ ಮಂಡಳಿಯವರು ಕೇಳುತ್ತಿದ್ದಾರೆ, ಅವರಿಗೆ ಏನೆಂದು ಉತ್ತರಿಸಲಿ?

ಕೊಡಚಾದ್ರಿ, ಹೊಸನಗರ

ಒಂದೆರಡು ಸಾವಿರ ಸದಸ್ಯರಿರುವ ಸಂಘಕ್ಕೆ ಎರಡು ಜಿಬಿ ರ‍್ಯಾಮ್ ಇರುವ ಸರ್ವರ್‌ನಿಂದ ಆರಂಭಿಸಿ. ಒಂದು ಜಿಬಿಯಲ್ಲಿಯೂ ನಡೆದೀತು. ಆದರೆ ಡೇಟಾಬೇಸ್ ಮತ್ತು ಅಪ್ಲಿಕೇಶನ್ ಒಂದೇ ಯಂತ್ರದಲ್ಲಿದ್ದು ಮೆಮೊರಿ ಮುಗಿದಾಗ, ಲಿನಕ್ಸ್ ತಾನೇ ಯಾವುದಾದರೂ ಒಂದು ಪ್ರೊಸೆಸ್ಸನ್ನು ಕೊಂದುಬಿಡುತ್ತದೆ, ಮತ್ತು ಹಾಗೆ ಬಲಿಯಾಗುವುದು ಬಹಳ ಸಲ ಡೇಟಾಬೇಸೇ. ಮೆಮೊರಿ ಸಾಲದಾದಾಗ ಬಳಕೆಗೆ ಬರುವಂತೆ ಡಿಸ್ಕಿನಲ್ಲಿ ಸ್ವಲ್ಪ ಸ್ವಾಪ್ ಜಾಗವನ್ನೂ ಇಟ್ಟುಕೊಳ್ಳಿ. ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಶನ್ ಕಂಪನಿಗೆ ಬೆಂಗಳೂರಿನಲ್ಲಿ ಡೇಟಾ ಸೆಂಟರ್ ಇದೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿಯೂ 2022ರಲ್ಲಿ ಹೈದರಾಬಾದ್‌ನಲ್ಲಿಯೂ ತನ್ನ ಕೇಂದ್ರಗಳನ್ನು ತೆರೆಯಿತು. ಇವುಗಳಲ್ಲಿ ಯಾವುದಾದರೂ ಆಗಬಹುದು, ದೂರದ ಅಮೆರಿಕದ್ದು ಮಾತ್ರ ಬೇಡ. ಬಿಲ್ಲಿನಲ್ಲಿ ಯಂತ್ರದ ಬಾಡಿಗೆಯೊಂದೇ ಇರುವುದಿಲ್ಲ ಎಂಬುದನ್ನೂ ಮಂಡಳಿಗೆ ಮೊದಲೇ ತಿಳಿಸಿ. ಉದಾಹರಣೆಗೆ, ಅಮೆಜಾನ್ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಗಂಟೆಗೆ 0.005 ಡಾಲರ್ ಪಡೆಯುತ್ತಿದೆ.

ಪೋಸ್ಟ್‌ಗ್ರೆಸ್ ಸಂಪರ್ಕ ಸ್ವೀಕರಿಸುವ 5432ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ. ಲಾಗಿನ್ ಆಗುವುದಕ್ಕೆ ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀ (ನಿಮ್ಮ ಕಂಪ್ಯೂಟರ್‌ನಲ್ಲಿರುವ ಗುಪ್ತ ಕೀಲಿ ಫೈಲು) ಬಳಸಿ.

ವರದಾಮೂಲ, ಸಾಗರ

ಮಂಡಳಿಯವರ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಬಾಡಿಗೆಗೆ ಸಿಗುವುದು ಯಂತ್ರ ಮಾತ್ರ. ಅದರೊಳಗಿನ ಲೆಕ್ಕಪತ್ರವನ್ನು ಕಾಪಾಡುವ ಹೊಣೆ ಬಾಡಿಗೆಗೆ ಪಡೆದವರದೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಒಂದು ಡೇಟಾ ಸೆಂಟರ್ ಬೆಂಕಿಗೆ ಪೂರ್ತಿಯಾಗಿ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು. ಆದ್ದರಿಂದ ಸರ್ವರ್ ಕೊಟ್ಟ ಕಂಪನಿಯೇ ಇಡುವ ಸ್ನ್ಯಾಪ್‌ಶಾಟ್ (ಇಡೀ ಯಂತ್ರದ ನಕಲು) ಒಂದನ್ನೇ ನೆಚ್ಚಿಕೊಳ್ಳಬೇಡಿ. ಪ್ರತಿ ರಾತ್ರಿ ಪಿಜಿ-ಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ನಕಲು) ತೆಗೆದು, ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಒಂದು ಪ್ರತಿಯನ್ನು ಬೇರೆ ಕಂಪನಿಯ ಸ್ಟೋರೇಜಿಗೂ ಇನ್ನೊಂದನ್ನು ಈಗ ಸರ್ವರ್ ಆಗಿರುವ ಕಚೇರಿಯ ಆ ಕಂಪ್ಯೂಟರ್‌ಗೂ ಕಳುಹಿಸಿ. ಆಗ "ಹೌದು, ನಿಮ್ಮ ಲೆಕ್ಕ ನಿಮ್ಮ ಕಚೇರಿಯಲ್ಲೂ ಇದೆ" ಎಂದು ಮಂಡಳಿಗೆ ಧೈರ್ಯವಾಗಿ ಹೇಳಬಹುದು. ಆ ಪ್ರತಿಯಿಂದ ಡೇಟಾಬೇಸನ್ನು ಮತ್ತೆ ಕಟ್ಟಲು ಸಾಧ್ಯವೇ ಎಂಬುದನ್ನು ಆಗಾಗ ಮಾಡಿ ನೋಡಬೇಕು. ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕ್ಲೌಡ್ ಖಾತೆ, ಡೊಮೈನ್ ಎರಡೂ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್ ವಿಳಾಸದಲ್ಲಿಯೇ ಇರಲಿ. ನಾಳೆ ತಾವು ಬೆಂಗಳೂರಿಗೆ ಹೋದರೂ ಸಂಘದ ಕೆಲಸ ನಿಲ್ಲಬಾರದು.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಧನ್ಯವಾದಗಳು. ಖಾತೆಯನ್ನು ನನ್ನ ಹೆಸರಿನಲ್ಲಿ ತೆರೆಯುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಆದರೆ ಒಂದು ಸಂದೇಹ ಉಳಿದಿದೆ. ಈಗ ಇಂಟರ್ನೆಟ್ ಕೇಬಲ್ ತುಂಡಾದರೂ ಕಚೇರಿಯ ಸಿಬ್ಬಂದಿ ತೂಕ ನಮೂದಿಸುತ್ತಲೇ ಇರುತ್ತಾರೆ, ಏಕೆಂದರೆ ಸರ್ವರ್ ಪಕ್ಕದ ಕೋಣೆಯಲ್ಲೇ ಇದೆ. ಅದು ಬೆಂಗಳೂರಿಗೆ ಹೋದ ಮೇಲೆ ಏನು ಮಾಡುವುದು?

ವರದಾಮೂಲ, ಸಾಗರ

ತಾವು ಗುರುತಿಸಿರುವುದು ನಿಜವಾದ ತೊಡಕು. ನಗರದಲ್ಲಿ ಕುಳಿತು ಸಲಹೆ ಕೊಡುವವರಿಗೆ ಇದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಸರ್ವರ್ ದೂರ ಹೋದರೆ ಸದಸ್ಯರಿಗೆ ಲಾಭ, ತೂಕದ ಮೇಜಿಗೆ ನಷ್ಟ. ಜೀಪಿನಲ್ಲಿ ಮೂಟೆ ಹೇರಿಕೊಂಡು ಬಂದ ಬೆಳೆಗಾರನಿಗೆ "ನೆಟ್ ಇಲ್ಲ, ನಾಳೆ ಬನ್ನಿ" ಎಂದು ಹೇಳಲಾಗದು. ಆದ್ದರಿಂದ ತೂಕದ ನಮೂದು ಮೊದಲು ಕಚೇರಿಯ ಕಂಪ್ಯೂಟರ್‌ನಲ್ಲಿಯೇ ಉಳಿಯುವಂತೆ ಮಾಡಿ, ಸಂಪರ್ಕ ಬಂದಾಗ ಅದು ತಾನಾಗಿ ಸರ್ವರ್‌ಗೆ ಹೋಗಲಿ. ಸದಸ್ಯರು ನೋಡುವ ಪುಟಗಳು ಮಾತ್ರ ಕ್ಲೌಡ್‌ನಿಂದ ಬರಲಿ.

ಇದರಲ್ಲಿ ಎಚ್ಚರ ವಹಿಸಬೇಕಾದದ್ದು ಒಂದೇ ನಮೂದು ಎರಡು ಸಲ ದಾಖಲಾಗದಂತೆ ನೋಡಿಕೊಳ್ಳುವುದು. ಕಳುಹಿಸುವಾಗ ಸಂಪರ್ಕ ಅರ್ಧಕ್ಕೇ ಕಡಿದರೆ ಕಚೇರಿಯ ಪ್ರೋಗ್ರಾಂ ಅದನ್ನೇ ಮತ್ತೊಮ್ಮೆ ಕಳುಹಿಸುತ್ತದೆ. ಪ್ರತಿ ನಮೂದಿಗೂ ಕಚೇರಿಯಲ್ಲಿಯೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಬಾರದ ಗುರುತಿನ ಸಂಖ್ಯೆ) ಕೊಟ್ಟು, ಪೋಸ್ಟ್‌ಗ್ರೆಸ್‌ನಲ್ಲಿ ಆ ಕಾಲಮ್ಮಿಗೆ ಯುನಿಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಬರಬಾರದೆಂಬ ನಿಯಮ) ಹಾಕಿದರೆ ಎರಡನೆಯದು ತಾನಾಗಿಯೇ ತಿರಸ್ಕೃತವಾಗುತ್ತದೆ. ದರವನ್ನು ಮಾತ್ರ ಕಚೇರಿಯಿಂದ ಲೆಕ್ಕಹಾಕಿ ಕಳುಹಿಸಬೇಡಿ. ಅದು ಸರ್ವರ್‌ನಲ್ಲಿ ಒಂದೇ ಕಡೆ ಇರಲಿ.