ಸಹಾಯ ಬೇಕು: ಟೈಲ್ಸ್ ಮೇಲೆ ಕೃಷ್ಣನ ಹೆಜ್ಜೆ ಅಳಿಸದಂತೆ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೃಷ್ಣಾಷ್ಟಮಿ ಹತ್ತಿರ ಬಂತು. ಬಾಗಿಲಿನಿಂದ ದೇವರ ಕೋಣೆವರೆಗೆ ಕೃಷ್ಣನ ಪುಟ್ಟ ಹೆಜ್ಜೆ ಬರೆಯುವುದು ನಮ್ಮಲ್ಲಿ ಮಕ್ಕಳ ಕೆಲಸ. ಅಕ್ಕಿಹಿಟ್ಟು ಕಲಸಿದ ನೀರಿನಲ್ಲಿ ಮುಷ್ಟಿಯ ಅಂಚು ಅದ್ದಿ ಒತ್ತುತ್ತಾರೆ. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ. ಮಗಳಿಗೆ ಎಡಗಾಲು ಬಲಗಾಲು ಸರಿಯಾಗಿ ಬರಲೇಬೇಕು. ಅವಳ ತಮ್ಮ ಎರಡೂ ಎಡಗಾಲೇ ಒತ್ತುತ್ತಾನೆ. "ಕೃಷ್ಣ ಕುಂಟುತ್ತಾ ಬರ್ತಾನಾ?" ಅಂತ ಅವಳ ಜಗಳ. "ಕುಣಿಯುತ್ತಾ ಬರ್ತಾನೆ ಬಿಡು" ಅಂತ ಅಜ್ಜಿಯ ತೀರ್ಪು!

ಈಗ ಸಮಸ್ಯೆಗೆ ಬರುತ್ತೇನೆ. ಹಳೆಯ ಮನೆಯ ನೆಲ ಸ್ವಲ್ಪ ನೀರು ಹೀರುತ್ತಿತ್ತು, ಹೆಜ್ಜೆ ಗಟ್ಟಿಯಾಗಿ ಕೂರುತ್ತಿತ್ತು. ಟೈಲ್ಸ್ ನುಣುಪು. ಹಿಟ್ಟಿನ ನೀರು ಹರಡಿಕೊಳ್ಳುತ್ತದೆ, ಒಣಗಿದ ಮೇಲೆ ಪುಡಿಯಾಗಿ ಕಾಲಿಗೆ ಅಂಟುತ್ತದೆ. ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿ ಹೊತ್ತಿಗೆ. ಅರ್ಘ್ಯ ಕೊಡುವವರೆಗಾದರೂ ಹೆಜ್ಜೆ ಉಳಿಯಬೇಕು ಅಲ್ವಾ?

ಸ್ಟಿಕ್ಕರ್, ಪೇಂಟ್ ಬೇಡ. ಅಕ್ಕಿಹಿಟ್ಟಾದರೆ ಇರುವೆಗಳಿಗೂ ಹಬ್ಬ, ಅದು ನನಗೆ ತುಂಬಾ ಇಷ್ಟ. ಹಿಟ್ಟಿನ ಬದಲು ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದರೆ ಚೆನ್ನಾಗಿ ಹಿಡಿಯುತ್ತದಾ? ಸ್ವಲ್ಪ ಗಂಜಿ ಸೇರಿಸಬಹುದಾ? ಎಷ್ಟು ಗಟ್ಟಿ ಇರಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ಚಕ್ಕುಲಿ, ಉಂಡೆಗಳ ಮುಂದೆ ಮಕ್ಕಳನ್ನು ನಡುರಾತ್ರಿವರೆಗೆ ಕಾಯಿಸುವುದು ಕಷ್ಟ. ಅವರಿಗೆ ಸಂಜೆಯೇ ಒಂದು ಸಣ್ಣ ನೈವೇದ್ಯ ಮಾಡಿ ಕೊಡುವವರು ಇದ್ದೀರಾ?